ಸಾರ್ವಜನಿಕ ಉದ್ಯಾನವೂ ಛಾಯಾಗ್ರಾಹಕನೂ

ಉದ್ಯಾನವೆಂಬ ಶಬ್ದಕ್ಕೆ ಅಮರಸಿಂಹನು ತನ್ನ ಕೋಶದಲ್ಲಿ ಕೊಟ್ಟಿರುವ ಅರ್ಥವು ವಿಚಾರಾರ್ಹವಾದದ್ದು. ಅರಸನದಾಗಿದ್ದರೂ ಎಲ್ಲರಿಗೂ ಸಾಧಾರಣವಾದ ವನವೇ ಉದ್ಯಾನವು. ಅದೇ ವನವು ಅಂತಃಪುರದವರಿಗೆ ಮೀಸಲಾದರೆ ಪ್ರಮದವನವೆಂದು ಬೇರೆ ಹೆಸರನ್ನು ಪಡೆಯುವದು. ಆದುದರಿಂದ ಸರ್ವರಿಗೂ ಬಾಗಿಲು ತೆರೆದಿರುವದೇ ಉದ್ಯಾನದ ಲಕ್ಷಣವೆಂದಾಯಿತು.

ಬೆಂಗಳೂರಿನ ಲಾಲ್‌ಬಾಗು ಈ ಲಕ್ಷಣಕ್ಕೆ ಕ್ರಮೇಣ ಬಂದ ತೋಟವು. 1760ರಲ್ಲಿ ಹೈದರಲಿಯು ಆರಂಭಿಸಿದ ಆ ರಾಜವಿಹಾರವು 1856ರಲ್ಲಿ ಸರಕಾರದ ಸಸ್ಯೋದ್ಯಾನವಾಯಿತು. 1889ರಲ್ಲಿ ಅಲ್ಲಿಯ ಗಾಜಿನ ಮನೆಗೆ ಅಡಿಗಲ್ಲನ್ನಿಟ್ಟರು. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸಮಾಡಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕ್ರುಂಬಿಗಲ್ಲರು ಅದರ ಶೋಭೆಯನ್ನು ಹೆಚ್ಚಿಸಿದರು. ಇಂದು ಸುಮಾರು 240 ಎಕರೆಗಳ ಆ ಸಸ್ಯಸಂಪತ್ತಿಗೆ 1975ರ ಕರ್ನಾಟಕ ಸರಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಜನವರಿ ಹಾಗೂ ಆಗಸ್ಟ್ ತಿಂಗಳುಗಳ ಫಲಪುಷ್ಪ ಪ್ರದರ್ಶನಗಳಲ್ಲಿ ಅಲ್ಲಿ ಹೂವುಗಳೆಷ್ಟೋ ಕ್ಯಾಮರಾಗಳೂ ಅಷ್ಟೇ ಎಂಬಂತೆ ತೋರುವದು.

ಶಲವಡಿಯಂಥ ಎರೆಸೀಮೆಯ ಊರಿನವರಿಗೆ ಇಂಥ ತೋಟವು ಅಪೂರ್ವ ವಸ್ತುವು. ಜೋಳ, ಕಡಲೆ, ಹತ್ತಿ, ಕುಸುಬಿಗಳ ಹೊಲವೇ ಅವರ ಉದ್ಯಾನವು. ಆ ಊರಿನ ತರುಣನೊಬ್ಬನು ಹೊಲದ ಬದುವಿನ ಮೇಲೆ ಕುಳಿತು ಕುಸುಬಿಯ ಹೂವಿಗೆ ಬರುವ ಜೇನುಹುಳಗಳ ಚಿತ್ರಗಳನ್ನು ತೆಗೆಯುವದನ್ನು ತಾನೇ ಕಲಿತಿದ್ದನು. ಎರಡು ಸುಗ್ಗಿಗಳ ಗಳಿಕೆಯಲ್ಲಿ ಉಳಿಸಿದ ಹಣದಿಂದ ಹಳೆಯದೊಂದು ಕ್ಯಾಮರಾವನ್ನು ಕೊಂಡು, ಪಟ್ಟಣದ ಒಂದು ತೋಟಕ್ಕೆ ಹೋದಾಗ ಕಾವಲುಗಾರನು ಅವನನ್ನು ಬಾಗಿಲಲ್ಲಿಯೇ ತಡೆದನು.

“ತಮ್ಮಾ, ಫೋನಿನ್ಯಾಗ ಎಷ್ಟರ ತಗಿ, ಇಂಥಾ ದೊಡ್ಡ ಕ್ಯಾಮರಾಕ್ಕ ಬ್ಯಾರೆ ರೊಕ್ಕ ಕೊಡಬೇಕು.”

“ಕಾಕಾ, ನಾ ಮಾರಾಕ ತಗಿಯಾಂವಲ್ಲ, ಹವ್ಯಾಸಕ್ಕ.”

“ಅದು ನನಗ ಹ್ಯಾಂಗ ತಿಳೀಬೇಕು?”

ಆ ಶುಲ್ಕವು ಒಂದು ದಿನದ ಕೂಲಿಗೆ ಸಮೀಪವಾಗಿದ್ದಿತು. ತರುಣನು ಕ್ಯಾಮರಾವನ್ನು ಚೀಲದಲ್ಲಿಟ್ಟು, ಬರಿಗಣ್ಣಿನಿಂದಲೇ ತೋಟವನ್ನು ನೋಡಿ ಬಂದನು. ಕಾವಲುಗಾರನ ಪ್ರಶ್ನೆಯೂ ಅನ್ಯಾಯದ್ದಲ್ಲ. ಆಜ್ಞೆಯನ್ನು ನಡೆಸುವವನಿಗೆ ಮನಸ್ಸಿನ ಉದ್ದೇಶವು ಕಾಣದು, ಕ್ಯಾಮರಾದ ಗಾತ್ರವು ಮಾತ್ರ ಕಾಣುವದು.

ನಿಯಮಗಳಿಗೆ ಕಾರಣಗಳಿಲ್ಲವೆಂದಲ್ಲ. ಮುಕ್ಕಾಲಿಯನ್ನು ದಾರಿಯಲ್ಲಿ ಊರಿದರೆ ವೃದ್ಧರೂ ಮಕ್ಕಳೂ ಎಡವುವರು. ಒಂದೇ ಪಾತಿಯನ್ನು ಅನೇಕರು ತುಳಿದರೆ ಮಣ್ಣು ಗಟ್ಟಿಯಾಗಿ ಬೇರುಗಳಿಗೆ ಗಾಳಿ ನೀರುಗಳು ದೊರೆಯವು. ಗೂಡು ಚೆನ್ನಾಗಿ ಕಾಣಲೆಂದು ಎಲೆಗಳನ್ನು ಕಿತ್ತರೆ ಮರಿಗಳು ಬಿಸಿಲಿಗೂ ಕಾಗೆಗಳಿಗೂ ಗುರಿಯಾಗುವವು. ವಿಶ್ರಾಂತಿಗಾಗಿ ಕುಳಿತ ಪರರ ಮುಖವನ್ನು ಅವರ ಸಮ್ಮತಿಯಿಲ್ಲದೆ ಸೆರೆಹಿಡಿಯುವದಂತೂ ಸಭ್ಯತೆಯಲ್ಲ. ಮದುವೆಗೆ ಮುಂಚಿನ ಚಿತ್ರಗಳಿಗಾಗಿ ಬಟ್ಟೆಯ ಪೆಟ್ಟಿಗೆ, ದೀಪ, ಪರಿವಾರಗಳೊಡನೆ ಬಂದು ಹುಲ್ಲುಹಾಸನ್ನೇ ಆಕ್ರಮಿಸುವವರಿಂದ ಶುಲ್ಕವನ್ನು ಕೇಳುವದು ಯುಕ್ತವೇ.

ಆದರೆ ಈ ದೋಷಗಳಲ್ಲಿ ಯಾವುದೂ ಕ್ಯಾಮರಾದ ಗಾತ್ರದಿಂದ ಹುಟ್ಟತಕ್ಕದ್ದಲ್ಲ. ಅಂಗೈಯಗಲದ ಫೋನನ್ನು ಹಿಡಿದವನೂ ಪಾತಿಯನ್ನು ತುಳಿಯಬಲ್ಲನು. ದೊಡ್ಡ ಕ್ಯಾಮರಾವುಳ್ಳವನೂ ದಾರಿಯ ಅಂಚಿನಲ್ಲಿ ನಿಂತು ಒಂದು ಎಲೆಯನ್ನೂ ಮುಟ್ಟದೆ ಹೋಗಬಲ್ಲನು. ಶಲವಡಿಗೆ ಸಮೀಪದ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವದು. ಆ ಇಲಾಖೆಯು 2018ರ ಜುಲೈ ತಿಂಗಳಲ್ಲಿ ಅಜಂತಾ, ಲೇಹ್ ಅರಮನೆಯ ಭಿತ್ತಿಚಿತ್ರಗಳು, ತಾಜಮಹಲಿನ ಸಮಾಧಿಗೃಹ, ಇವುಗಳ ಹೊರತು ತನ್ನ ಸ್ಮಾರಕಗಳ ಆವರಣದಲ್ಲಿ ಛಾಯಾಗ್ರಹಣಕ್ಕೆ ಸಾಮಾನ್ಯ ಅನುಮತಿಯನ್ನು ಸಾರಿತು. ನೂರಾರು ವರ್ಷಗಳ ಕಲ್ಲುಗಳಿಗೆ ಸಲ್ಲುವ ಈ ಔದಾರ್ಯವು ಋತುವಿಗೊಮ್ಮೆ ಅರಳಿ ಬಾಡುವ ಹೂವಿಗೆ ಸಲ್ಲಬಾರದೇಕೆ?

ತೋಟದ ಬಾಗಿಲಲ್ಲಿ ಕನ್ನಡದಲ್ಲಿ ಸ್ಪಷ್ಟವಾದ ಫಲಕವೊಂದಿರಲಿ: ಕೈಯಲ್ಲಿ ಹಿಡಿದು ತನ್ನ ಸಂತೋಷಕ್ಕಾಗಿ ತೆಗೆಯುವ ಚಿತ್ರಕ್ಕೆ ಶುಲ್ಕವಿಲ್ಲ, ಮುಕ್ಕಾಲಿ, ದೀಪ, ವ್ಯಾಪಾರಗಳಿಗೆ ಮುಂಚಿತವಾಗಿ ಅನುಮತಿ ಬೇಕು, ಪಾತಿ, ಗೂಡುಗಳ ತಂಟೆಗೆ ಹೋದವರಿಗೆ ದಂಡವುಂಟು. ಇವೆಲ್ಲ ಕಾವಲುಗಾರನ ಕಣ್ಣಿಗೂ ಕಾಣುವಂಥವು. ಯಾರ ಮನಸ್ಸನ್ನೂ ಅವನು ಊಹಿಸಬೇಕಾಗದು. ಕುಸುಬಿಯ ಹೊಲದಿಂದ ಬಂದ ತರುಣನೂ ಚೀಲದಿಂದ ಕ್ಯಾಮರಾವನ್ನು ಅಳುಕಿಲ್ಲದೆ ಹೊರಗೆ ತೆಗೆಯುವನು.