ಕೇಂಬ್ರಿಜಿನಲ್ಲಿ ಮೂರು ಹಳೆಯ ಗಣಕಯಂತ್ರಗಳು

ಕೇಂಬ್ರಿಜ್ ಎಂದೊಡನೆ ನಮ್ಮವರ ನೆನಪಿಗೆ ಬರುವುದು ಕ್ಯಾಮ್ ನದಿ, ಅದರ ದಡದ ವಿದ್ಯಾಶಾಲೆಗಳು, ಟ್ರಿನಿಟಿ ಕಾಲೇಜಿನಲ್ಲಿದ್ದ ಶ್ರೀನಿವಾಸ ರಾಮಾನುಜನ್. ಲೆಕ್ಕಕ್ಕೂ ಈ ಊರಿಗೂ ನಂಟು ಹಳೆಯದು. ಯಂತ್ರದಿಂದ ಲೆಕ್ಕ ಮಾಡಿಸುವ ವಿದ್ಯೆಯೂ ಇಲ್ಲಿ ಬಹುಕಾಲ ಬೆಳೆದಿದೆ. 1949ನೆಯ ಇಸವಿ ಮೇ 6ರಂದು ವಿಶ್ವವಿದ್ಯಾನಿಲಯದ ‘ಎಡ್‌ಸ್ಯಾಕ್’ ಎಂಬ ಗಣಕಯಂತ್ರವು, ಕೋಣೆಯನ್ನೇ ತುಂಬಿ ನಿಂತಿದ್ದುದು, ಸೊನ್ನೆಯಿಂದ 99ರವರೆಗಿನ ವರ್ಗಗಳನ್ನು 2 ನಿಮಿಷ 35 ಸೆಕೆಂಡುಗಳಲ್ಲಿ ಅಚ್ಚುಮಾಡಿ ಕೊಟ್ಟಿತು. ಅದಾಗಿ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಗಣಕಯಂತ್ರವು ಗೃಹಸ್ಥರ ಮೇಜಿನ ಮೇಲೆ ಬಂದು ಕುಳಿತಿತು. ಬ್ರಿಟನ್ನಿನ ಮಟ್ಟಿಗೆ ಆ ಕಾರ್ಯವೂ ಬಹುಪಾಲು ಇದೇ ಊರಿನಿಂದ ನಡೆಯಿತು.

ಊರಿನ ನಡುವೆ ಕಿಂಗ್ಸ್ ಪೆರೇಡ್ ಎಂಬ ಬೀದಿ ಇದೆ. ಒಂದು ಮಗ್ಗುಲಲ್ಲಿ ಕಿಂಗ್ಸ್ ಕಾಲೇಜಿನ ಭವ್ಯವಾದ ಪ್ರಾರ್ಥನಾಮಂದಿರ. ಎದುರಿಗೆ ಮನೆ ಅಂಗಡಿಗಳ ಸಾಲು. ಆ ಸಾಲಿನ 6ನೆಯ ನಂಬರಿನಲ್ಲಿ ಕ್ಲೈವ್ ಸಿಂಕ್ಲೇರರ ಸಂಸ್ಥೆಯಿದ್ದಿತು. ಅಲ್ಲಿಂದ ಕೂಗಳತೆಯ ಮಾರ್ಕೆಟ್ ಹಿಲ್ಲಿನಲ್ಲಿ ‘ಏಕಾರ್ನ್’ ಎಂಬ ಇನ್ನೊಂದು ಸಂಸ್ಥೆ. ಸಿಂಕ್ಲೇರರ ಬಳಿ ದುಡಿಯುತ್ತಿದ್ದ ಕ್ರಿಸ್ ಕರಿಯವರೇ ಹರ್ಮನ್ ಹೌಸರರೊಡನೆ ಸೇರಿ 1978ರಲ್ಲಿ ಅದನ್ನು ಹೂಡಿದ್ದರು. ನೆರೆಹೊರೆಯ ಈ ಪೈಪೋಟಿಯಲ್ಲಿ ಎರಡು ಪ್ರಸಿದ್ಧ ಯಂತ್ರಗಳು ಹುಟ್ಟಿದವು: ಏಕಾರ್ನಿನ ‘ಬಿ.ಬಿ.ಸಿ. ಮೈಕ್ರೊ’ 1981ರಲ್ಲಿ, ಸಿಂಕ್ಲೇರರ ‘ಸ್ಪೆಕ್ಟ್ರಂ’ 1982ರಲ್ಲಿ.

ಈ ಯಂತ್ರಗಳನ್ನು ಈಗ ಕಾಣಬೇಕಾದರೆ ಕೋಲ್ಡ್‌ಹ್ಯಾಮ್ಸ್ ಲೇನಿನ ಕಡೆಗೆ ಹೋಗಬೇಕು. 2013ರಲ್ಲಿ ಕೇಂಬ್ರಿಜಿಗೆ ಬಂದು ನೆಲಸಿದ ‘ಸೆಂಟರ್ ಫಾರ್ ಕಂಪ್ಯೂಟಿಂಗ್ ಹಿಸ್ಟರಿ’ ಎಂಬ ವಸ್ತುಸಂಗ್ರಹಾಲಯ ಅಲ್ಲಿದೆ. ಕಾಲೇಜುಗಳ ಗೋಪುರ ಕಮಾನುಗಳ ಸೊಬಗು ಇಲ್ಲಿಲ್ಲ. ಉಗ್ರಾಣದಂತಹ ಸಾದಾ ಕಟ್ಟಡ. ಆದರೆ ಒಳಗೆ ಹಳೆಯ ಯಂತ್ರಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸಿಲ್ಲ. ಅನೇಕವು ಇಂದಿಗೂ ಚಾಲನೆಯಲ್ಲಿವೆ. ಬಂದವರು ಕೀಲಿಗಳನ್ನೊತ್ತಿ ನೋಡಬಹುದು. ನಾವು ಒಂದು ಕೈಗಡಿಯಾರವನ್ನೂ, ಚೀಟಿಯಲ್ಲಿ ಬರೆದುಕೊಂಡಿದ್ದ ಒಂದು ಲೆಕ್ಕವನ್ನೂ ತೆಗೆದುಕೊಂಡು ಹೋಗಿದ್ದೆವು.

ಆ ಲೆಕ್ಕವು 1980ರ ದಶಕದಲ್ಲಿ ಡೇವಿಡ್ ಆಲ್ ಎಂಬ ಅಮೆರಿಕದ ಸಂಪಾದಕರು ಯಂತ್ರಗಳ ಪರೀಕ್ಷೆಗೆಂದು ಹಾಕಿದುದು. 1ರಿಂದ 100ರವರೆಗಿನ ಪ್ರತಿ ಅಂಕಿಗೂ ಹತ್ತು ಸಲ ವರ್ಗಮೂಲ ತೆಗೆಯಬೇಕು. ಬಂದುದನ್ನು ಹತ್ತು ಸಲ ವರ್ಗ ಮಾಡಬೇಕು. ಹೋದ ದಾರಿಯಲ್ಲೇ ಹಿಂದಿರುಗಿದಂತೆ ಮೊದಲಿನ ಅಂಕಿಯೇ ಸಿಕ್ಕಬೇಕು. ಎಲ್ಲವನ್ನೂ ಕೂಡಿದರೆ 5050 ಆಗಬೇಕು. ಪ್ರತಿ ಹೆಜ್ಜೆಗೂ ಮನಬಂದ ಅಂಕಿಯೊಂದನ್ನು ಆರಿಸುವ ಕೆಲಸವನ್ನೂ ಜೊತೆಗಿಟ್ಟಿದ್ದಾರೆ. ಎಷ್ಟು ಹೊತ್ತು ಹಿಡಿಯಿತು, ಉತ್ತರ ಎಷ್ಟು ತಪ್ಪಿತು ಎಂಬೆರಡೂ ಇದರಿಂದ ತಿಳಿಯುತ್ತವೆ.

ಕೇಂಬ್ರಿಜಿನ ಎರಡು ಯಂತ್ರಗಳ ಜೊತೆಗೆ ಅಮೆರಿಕದ ‘ಕಮೋಡೋರ್ 64’ ಎಂಬುದನ್ನೂ ಪರೀಕ್ಷೆಗೆ ತೆಗೆದುಕೊಂಡೆವು. ಯಂತ್ರದ ವೇಗವನ್ನು ಅದರ ಎದೆಬಡಿತದಂತಿರುವ ಮಿಡಿತದಿಂದ ಹೇಳುವುದು ವಾಡಿಕೆ. ಸೆಕೆಂಡಿಗೆ ಸ್ಪೆಕ್ಟ್ರಮ್ಮಿನದು 35 ಲಕ್ಷ ಮಿಡಿತ, ಬಿ.ಬಿ.ಸಿ.ಯದು 20 ಲಕ್ಷ. ಕಮೋಡೋರಿನದು 10 ಲಕ್ಷಕ್ಕೂ ತುಸು ಕಡಿಮೆ. ಇಷ್ಟನ್ನೇ ಓದಿದವರು ಸ್ಪೆಕ್ಟ್ರಂ ಗೆಲ್ಲುವುದೆಂದು ನಿಶ್ಚಯಿಸುವರು. ಆದುದು ತಿರುಗುಮುರುಗು. ಬಿ.ಬಿ.ಸಿ. ಒಂದು ನಿಮಿಷದೊಳಗೆ ಉತ್ತರ ಕೊಟ್ಟಿತು. ಕಮೋಡೋರ್ ಎರಡು ನಿಮಿಷದ ಸಮೀಪಕ್ಕೆ ಹೋಯಿತು. ಸ್ಪೆಕ್ಟ್ರಂ ನಾಲ್ಕು ನಿಮಿಷ ದಾಟಿದ ಮೇಲೆ ಬಾಯಿಬಿಟ್ಟಿತು.

ಕಾರಣಗಳು ಮೂರು. ಮೊದಲನೆಯದು, ಹೆಜ್ಜೆಗಳನ್ನು ಎಣಿಸಿದ ಮಾತ್ರಕ್ಕೆ ನಡೆದ ದೂರ ತಿಳಿಯದು. ಸ್ಪೆಕ್ಟ್ರಮ್ಮಿನ ಮಿದುಳಾದ ‘ಝಡ್ 80’ಕ್ಕೆ ಅತಿ ಚಿಕ್ಕ ಕೆಲಸಕ್ಕೂ ನಾಲ್ಕು ಮಿಡಿತ ಬೇಕು; ಬಿ.ಬಿ.ಸಿ.ಯ ‘6502’ಕ್ಕೆ ಎರಡು ಸಾಕು. ಎರಡನೆಯದು, ನೆನಪಿನ ಕೋಶವೆಂಬ ಬಾವಿ. ಲೆಕ್ಕ ಮಾಡುವ ಭಾಗವೂ ತೆರೆಯ ಮೇಲೆ ಚಿತ್ರ ಬರೆಯುವ ಭಾಗವೂ ಅದರಿಂದಲೇ ನೀರು ಸೇದಬೇಕು. ಬಿ.ಬಿ.ಸಿ.ಯಲ್ಲಿ ಒಬ್ಬರ ಕೊಡ ಇಳಿಯುವಾಗ ಇನ್ನೊಬ್ಬರದು ಏರುವಂತೆ ಸರದಿ ಕಟ್ಟಿದ್ದಾರೆ. ಮಿಕ್ಕೆರಡರಲ್ಲಿ ಲೆಕ್ಕದ ಭಾಗವು ಆಗಾಗ ಕಾದು ನಿಲ್ಲಬೇಕಾಗುವುದು.

ಮೂರನೆಯದೇ ಮುಖ್ಯವಾದುದು: ಲೆಕ್ಕದ ಕ್ರಮ. ಸ್ಪೆಕ್ಟ್ರಮ್ಮೂ ಕಮೋಡೋರೂ ವರ್ಗಮೂಲವನ್ನು ನೇರವಾಗಿ ತೆಗೆಯುವುದಿಲ್ಲ. ಹಿಂದೆ ಹೈಸ್ಕೂಲಿನ ಹುಡುಗರು ಲಾಗರಿದಂ ಕೋಷ್ಟಕವನ್ನು ತೆರೆದು ಮಾಡುತ್ತಿದ್ದಂತೆ, ಲಾಗರಿದಂ ಕಂಡುಹಿಡಿದು, ಅರ್ಧಮಾಡಿ, ಮತ್ತೆ ಅಂಕಿಗೆ ಇಳಿಸುತ್ತವೆ. ಒಂದೇ ದಾರಿಯಲ್ಲಿ ಹಲವು ಕೆಲಸ ನಡೆದರೆ ಯಂತ್ರದ ಶಾಶ್ವತ ಕೋಶದಲ್ಲಿ ಜಾಗ ಉಳಿಯುವುದು. ಹೊತ್ತು ಮಾತ್ರ ಹೋಗುವುದು. ಬಿ.ಬಿ.ಸಿ.ಗೆ ಸೋಫೀ ವಿಲ್ಸನ್ ಬರೆದ ‘ಬೇಸಿಕ್’ ಭಾಷೆಯಾದರೋ, ವರ್ಗ ಮಾಡು ಎಂದರೆ ಸುಮ್ಮನೆ ಗುಣಿಸಿಬಿಡುತ್ತದೆ.

ಹಾಗಾದರೆ ಸ್ಪೆಕ್ಟ್ರಮ್ಮನ್ನು ಕೊಂಡವರು ಮೋಸಹೋದರೆ? ಬೆಲೆಯ ಚೀಟಿಯನ್ನು ನೋಡಿದರೆ ಹಾಗೆನ್ನಲು ಮನಸ್ಸು ಬಾರದು. 1982ರಲ್ಲಿ ಸ್ಪೆಕ್ಟ್ರಂ 125 ಪೌಂಡಿನಿಂದ ಸಿಕ್ಕುತ್ತಿತ್ತು, ಹೆಚ್ಚು ನೆನಪಿನದು 175ಕ್ಕೆ, ಬಿ.ಬಿ.ಸಿ.ಯ ಬಿ ಮಾದರಿಗೆ 399 ಪೌಂಡು ತೆರಬೇಕಾಗಿತ್ತು. ವೇಗದ ಯಂತ್ರ ಬಹುಮಟ್ಟಿಗೆ ಶಾಲೆಗೆ ಹೋಯಿತು. 1984ರಲ್ಲಿ ನಮ್ಮ ದೇಶದ ಶಾಲೆಗಳಿಗೆಂದು ‘ಕ್ಲಾಸ್’ ಯೋಜನೆ ಮೊದಲಾದಾಗ ಆರಿಸಿದುದೂ ಬಿ.ಬಿ.ಸಿ. ಯಂತ್ರವನ್ನೇ. ನಿಧಾನದ ಯಂತ್ರವಾದರೋ ಸಾಧಾರಣ ಸಂಬಳಗಾರರ ಮನೆಯೊಳಗೆ ಕಾಲಿಟ್ಟಿತು. ಶಾಲೆಯ ಯಂತ್ರದ ಮುಂದೆ ಸರದಿಗೆ ಕಾಯಬೇಕಾಗಿದ್ದ ಹುಡುಗನಿಗೆ ಮನೆಯ ಸ್ಪೆಕ್ಟ್ರಂ ನಾಲ್ಕು ನಿಮಿಷ ತೆಗೆದುಕೊಂಡರೂ ಅದು ಇಡೀ ಸಂಜೆ ಅವನದೇ ಆಗಿತ್ತು.

ವೇಗದ ಹಂಬಲವೂ ವ್ಯರ್ಥವಾಗಲಿಲ್ಲ. ಏಕಾರ್ನಿನ ಸೋಫೀ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಸೇರಿ ರೂಪಿಸಿದ ‘ಆರ್ಮ್’ ಎಂಬ ಮಿದುಳು 1985ರಲ್ಲಿ ಮೊದಲು ನಡೆಯಿತು. ಅದರ ಸಂತತಿಯೇ ಇಂದು ನಮ್ಮೆಲ್ಲರ ಕೈಯ ದೂರವಾಣಿಗಳಲ್ಲಿದೆ. ಒಬ್ಬ ನೆರೆಯವನು ಅಗ್ಗವನ್ನು ಸಾಧಿಸಿದ, ಇನ್ನೊಬ್ಬನು ವೇಗವನ್ನು. ಲೋಕಕ್ಕೆ ಎರಡೂ ಬೇಕಾಗಿದ್ದವು. ಕೇಂಬ್ರಿಜಿಗೆ ಹೋಗುವ ವಾಚಕರು ಕಾಲೇಜುಗಳನ್ನೂ ನದಿಯನ್ನೂ ನೋಡಿದ ಬಳಿಕ ಒಂದು ಮಧ್ಯಾಹ್ನವನ್ನು ಈ ಉಗ್ರಾಣಕ್ಕೆ ಮೀಸಲಿಡಲಿ. ಮಕ್ಕಳಿದ್ದರೆ ತಪ್ಪದೆ ಕರೆದೊಯ್ಯಲಿ. ಉತ್ತರಕ್ಕಾಗಿ ಕಾಯುವುದೆಂದರೇನೆಂದು ಅವರು ಅಲ್ಲಿ ಕಲಿಯಬಹುದು.