ಬೆರಳು ಕಟ್ಟಿದ ಬೆಲೆ

ಮಂಡ್ಯ ಸೀಮೆಯಲ್ಲಿ ಯಾವ ಹೊಸ ವಸ್ತು ಕಣ್ಣಿಗೆ ಬಿದ್ದರೂ ಎರಡು ಪ್ರಶ್ನೆ ಬರುತ್ತವೆ. ಮೊದಲನೆಯದು ‘ಇದ್ಯಾತ್ಕೆ?’, ಎರಡನೆಯದು ‘ಎಷ್ಟು ಬಿತ್ತು?’. ಟ್ರ್ಯಾಕ್ಟರ್ ಆಗಲಿ, ಬೋರಿನ ಮೋಟರ್ ಆಗಲಿ, ಸೊಸೆ ತವರಿಂದ ತಂದ ಮಿಕ್ಸಿಯಾಗಲಿ, ಬೆಲೆ ಕೇಳದೆ ಎದ್ದು ಹೋದರೆ ಮನೆಯವರಿಗೇ ಒಂಥರಾ ಕಸಿವಿಸಿ. ನಮ್ಮೂರು ಹೊಳಲಿನಲ್ಲಿ ಈ ಎರಡೂ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಸಿಗದೆ ಉಳಿದಿರುವುದು, ನಾನು ಕಂಡಂತೆ, ಒಂದೇ ವಸ್ತುವಿನ ವಿಷಯದಲ್ಲಿ. ಅದು ನಮ್ಮ ಚಿಕ್ಕಪ್ಪನ ಬೀರುವಿನಲ್ಲಿರುವ ಪಿಸ್ತೂಲು.

ಪಿಸ್ತೂಲು ಅಂದ ಕೂಡಲೇ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಸರಕನ್ನು ನೆನೆಯಬೇಡಿ. ಇದು ಗುರಿಪಂದ್ಯದ್ದು. ಸ್ವಿಟ್ಜರ್ಲೆಂಡಿನ ಲೆಂಜ್‌ಬರ್ಗ್ ಎಂಬ ಊರಿನ ಹ್ಯಾಮರ್ಲಿ ಕಂಪನಿ ತಯಾರಿಸಿದ್ದು. ಮಾದರಿಯ ಹೆಸರು ಬರೀ ಒಂದು ಸಂಖ್ಯೆ, 208. ಪಾಯಿಂಟ್ ಟೂಟೂ ಕಾಡತೂಸು. ಸೆಮಿ ಆಟೊಮ್ಯಾಟಿಕ್, ಅಂದರೆ ಗುಂಡು ಹಾರಿದ ರಭಸಕ್ಕೆ ಮೇಲಿನ ಸ್ಲೈಡು ಹಿಂದೆ ಸರಿದು, ಖಾಲಿ ಚಿಪ್ಪನ್ನು ಹೊರಗೆ ಎಸೆದು, ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಇನ್ನೊಂದು ಕಾಡತೂಸನ್ನು ನಳಿಗೆಗೆ ತುಂಬುತ್ತದೆ. ಒಮ್ಮೆ ಬೆರಳು ಒತ್ತಿದರೆ ಒಂದೇ ಗುಂಡು. ಯಂತ್ರದ ಮಟ್ಟಿಗೆ ಇದರಲ್ಲಿ ಗುಟ್ಟೇನಿಲ್ಲ. ಅಗ್ಗದ ಪಿಸ್ತೂಲೂ ಇದೇ ಕೆಲಸ ಮಾಡುತ್ತದೆ.

ಚಿಕ್ಕಪ್ಪ ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದವರು. ಮೈಕ್ರೋಮೀಟರ್ ಹಿಡಿದ ಕೈ. ಭಾನುವಾರಗಳಲ್ಲಿ ರೈಫಲ್ ಕ್ಲಬ್ಬಿಗೆ ಹೋಗಿ, ರಾಜ್ಯ ಮಟ್ಟದ ಪಂದ್ಯಗಳಲ್ಲಿ ನಿಂತು, ಕಣ್ಣು ಮಂದವಾಗಿ ಆಟ ಬಿಟ್ಟ ಹಿರಿಯ ಶೂಟರ್ ಒಬ್ಬರಿಂದ ಇದನ್ನು ಕೊಂಡರು. ನಿವೃತ್ತಿಯಾದ ಮೇಲೆ ಊರಿಗೆ ಬರುವಾಗ ಪಿಸ್ತೂಲೂ ಲೈಸೆನ್ಸಿನ ಪುಸ್ತಕವೂ ಜೊತೆಗೆ ಬಂದವು. ಊರಿನವರಿಗೆ ಗೊತ್ತಿದ್ದ ಬಂದೂಕೆಂದರೆ ಬೆಳೆ ಕಾಯಲು ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಕೋವಿ. ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೆ ಒಂದು ಈಡು, ಊರೆಲ್ಲ ಎಚ್ಚರ.

“ಇದ್ರಲ್ಲಿ ಹಂದಿ ಬೀಳ್ತದಾ?” ಎಂದು ಪಕ್ಕದ ಮನೆಯ ಯಜಮಾನರು ಕೇಳಿದರು.

“ಇಲ್ಲ.”

“ಮತ್ತೆ?”

“ಕಾಗದಕ್ಕೆ ತೂತು ಮಾಡೋಕೆ. ಐವತ್ತು ಮಿಲಿಮೀಟರ್ ಅಗಲದ ಒಂದು ಉಂಗುರ ಇರ್ತದೆ, ಇಪ್ಪತ್ತೈದು ಮೀಟರ್ ದೂರದಲ್ಲಿ. ಅದರೊಳಗೆ ಹಾಕಬೇಕು.”

ಯಜಮಾನರು ಪಿಸ್ತೂಲನ್ನೂ ಚಿಕ್ಕಪ್ಪನನ್ನೂ ನೋಡಿ, “ಕಾಗ್ದ ಏನು ತಪ್ಪು ಮಾಡಿತ್ತು?” ಎಂದು ಎದ್ದು ಹೋದರು. ಬೆಲೆ ಕೇಳುವುದನ್ನು ಮಾತ್ರ ಬಿಡಲಿಲ್ಲ. ಹೋಗುತ್ತ ಜಗಲಿಯಿಂದ ಕೇಳಿದರು. ಚಿಕ್ಕಪ್ಪ ಕೇಳಿಸಿಕೊಳ್ಳದವರಂತೆ ಪೆಟ್ಟಿಗೆ ಮುಚ್ಚಿದರು.

ಈ ಪಿಸ್ತೂಲಿನ ಬೆಲೆ ಇರುವುದು ಕಣ್ಣಿಗೆ ಕಾಣುವ ಕಡೆಯಲ್ಲಲ್ಲ. 25 ಮೀಟರ್ ಪಂದ್ಯದ ನಿಯಮದಂತೆ ಟ್ರಿಗರ್ ಕನಿಷ್ಠ ಸಾವಿರ ಗ್ರಾಂ ತೂಕವನ್ನು ತಡೆಯಬೇಕು. ಪಂದ್ಯಕ್ಕೆ ಮುಂಚೆ ಅಧಿಕಾರಿ ನಳಿಗೆಯನ್ನು ಮೇಲಕ್ಕೆ ನೆಟ್ಟಗೆ ಹಿಡಿಸಿ, ಟ್ರಿಗರ್‌ಗೆ ಕಿಲೋ ಬಟ್ಟು ತಗುಲಿಸಿ ಮೇಜಿನಿಂದ ಎತ್ತಿಸುತ್ತಾರೆ. ಬಟ್ಟು ಎದ್ದರೆ ಸೈ. ಏಳುವ ಮೊದಲೇ ಟಕ್ ಎಂದರೆ ಹೊರಗೆ. ಆದರೆ ಕಿಲೋ ಎಂಬುದು ಬರೀ ಲೆಕ್ಕ. ಒಂದೇ ಕಿಲೋ ತೂಕದ ಎರಡು ಟ್ರಿಗರ್‌ಗಳ ನಡುವೆ ಅಜಗಜಾಂತರ ಇರುತ್ತದೆ. ಚಿಕ್ಕಪ್ಪ ಒಮ್ಮೆ ಮ್ಯಾಗಜಿನ್ ತೆಗೆದು, ನಳಿಗೆ ಖಾಲಿಯಿದೆಯೆಂದು ಎರಡು ಸಲ ನೋಡಿ, ಒಳಗೆ ಹಾರಿದ ಚಿಪ್ಪೊಂದನ್ನು ಇಟ್ಟು (ಟೂಟೂದಲ್ಲಿ ಸುಮ್ಮನೆ ಖಾಲಿ ಹೊಡೆದರೆ ಪಿನ್ನು ನಳಿಗೆಯ ಅಂಚನ್ನೇ ಕುಟ್ಟಿ ಹಾಳುಮಾಡುತ್ತದೆ) ಗೋಡೆಯ ಕಡೆ ಹಿಡಿದು ನನಗೆ ಒತ್ತಲು ಹೇಳಿದರು. ಬೆರಳು ಮೊದಲು ಸ್ವಲ್ಪ ದೂರ ಸಲೀಸಾಗಿ ಹಿಂದಕ್ಕೆ ಬಂತು. ಆಮೇಲೆ ನಿಂತಿತು. ಅಲ್ಲಿಂದ ಮುಂದೆ ಒತ್ತಡ ಏರಿಸುತ್ತ ಹೋದರೂ ಏನೂ ಅಲುಗಲಿಲ್ಲ. ಯಾವ ಕ್ಷಣಕ್ಕೆ ಬಿಟ್ಟಿತೋ ಗೊತ್ತೇ ಆಗಲಿಲ್ಲ. ಟಕ್ ಎಂದಾಗ ನಳಿಗೆಯ ತುದಿಯ ಮುಂಗುರಿ ಇದ್ದಲ್ಲೇ ಇತ್ತು. “ತೆವಳಲಿಲ್ಲ ನೋಡು” ಎಂದರು. ಸಾಧಾರಣ ಪಿಸ್ತೂಲಿನಲ್ಲಿ ಆ ನಿಂತ ಜಾಗದಿಂದ ಟ್ರಿಗರ್ ತರಿತರಿಯಾಗಿ ತೆವಳುತ್ತ ಬರುತ್ತದೆ, ಈಗ ಹಾರುತ್ತೆ ಈಗ ಹಾರುತ್ತೆ ಎಂದು ಮನಸ್ಸು ಮುಂದೆ ಓಡುತ್ತದೆ, ಕೈ ಅದರ ಹಿಂದೆ ಹೋಗುತ್ತದೆ. ಒಳಗೆ ಸುತ್ತಿಗೆಯನ್ನು ತಡೆದು ಹಿಡಿದಿರುವ ಎರಡು ಉಕ್ಕಿನ ಅಂಚುಗಳನ್ನು ಎಷ್ಟು ನಯವಾಗಿ, ಯಾವ ಕೋನಕ್ಕೆ ಉಜ್ಜಿದ್ದಾರೆ ಎಂಬುದರ ಮೇಲೆ ಇದೆಲ್ಲ ನಿಂತಿದೆ. ಟೂಲ್ ರೂಮಿನ ಮನುಷ್ಯ ಯಾಕೆ ಇದಕ್ಕೆ ಮರುಳಾದರು ಎಂಬುದು ನನಗೆ ಅರ್ಥವಾದದ್ದು ಆವತ್ತೇ.

ಹೇಮಗಿರಿ, ಮುಡುಕುತೊರೆ ಜಾತ್ರೆಗಳಲ್ಲಿ ಹಳ್ಳಿಕಾರ್ ಜೋಡಿಗೆ ವ್ಯಾಪಾರ ಕುದುರುವುದು ಟವೆಲ್ಲಿನ ಕೆಳಗೆ. ದಲ್ಲಾಳಿ ಒಂದು ಕೈ, ಗಿರಾಕಿ ಒಂದು ಕೈ, ಬೆರಳು ಹಿಡಿದು ಒತ್ತಿದರೆ ಬೆಲೆ. ಸುತ್ತ ನಿಂತವರಿಗೆ ಟವೆಲ್ಲು ಅಲುಗುವುದು ಬಿಟ್ಟರೆ ಬೇರೇನೂ ಕಾಣದು. ಈ ಪಿಸ್ತೂಲಿನ ಬೆಲೆಯೂ ಹಾಗೇ ಬೆರಳಿನಲ್ಲೇ ಮುಗಿಯುವ ವ್ಯವಹಾರ. ನೋಡಿ ಹೇಳುವಂಥದ್ದಲ್ಲ.

ನೋಡಬೇಕಾಗಿಯೇ ಇಲ್ಲ ಎನ್ನುವುದಕ್ಕೆ ರಷ್ಯಾದ ಮಿಖಾಯಿಲ್ ಮಾರ್ಗೋಲಿನ್ ಸಾಕ್ಷಿ. ಎಳೆಯ ವಯಸ್ಸಿನಲ್ಲೇ ತಲೆಗೆ ಗುಂಡೇಟು ಬಿದ್ದು ಎರಡೂ ಕಣ್ಣು ಹೋದ ಮನುಷ್ಯ. ಮೇಣದಲ್ಲಿ, ಮರದಲ್ಲಿ ಭಾಗಗಳ ಅಚ್ಚು ಮಾಡಿ, ತಡವಿ ತಡವಿ ತಿದ್ದಿ, ಎರಡನೇ ಮಹಾಯುದ್ಧ ಮುಗಿದ ಮೇಲೆ ಟೂಟೂ ಗುರಿಪಿಸ್ತೂಲನ್ನು ರೂಪಿಸಿದ. ಆತನ ಹೆಸರಿನ ಆ ಪಿಸ್ತೂಲು ಸೋವಿಯತ್ ಶೂಟರ್‌ಗಳ ಕೈಯಲ್ಲಿ ಜಗತ್ತಿನ ರೇಂಜುಗಳನ್ನೆಲ್ಲ ಸುತ್ತಿತು. ಗುರಿಯನ್ನೇ ಕಾಣದವನು ಗುರಿಯ ಪಿಸ್ತೂಲು ಮಾಡಿದ ಎಂದು ಅಚ್ಚರಿಪಡುವವರಿಗೆ ಇನ್ನೊಂದು ಮಾತು: ಕಣ್ಣಿದ್ದ ಶೂಟರ್ ಕೂಡ ಗುರಿಯನ್ನು ಸರಿಯಾಗಿ ನೋಡುವುದಿಲ್ಲ. ಮುಂಗುರಿ, ಹಿಂಗುರಿ, ಗುರಿಹಲಗೆ ಮೂರೂ ಒಟ್ಟಿಗೆ ಸ್ಪಷ್ಟ ಕಾಣಲು ಕಣ್ಣಿಗೆ ಸಾಧ್ಯವಿಲ್ಲ. ಮುಂಗುರಿ ಮಾತ್ರ ಚೂಪಾಗಿ ಕಾಣಬೇಕು, ಗುರಿ ಮಸುಕಾದರೆ ಆಗಲಿ ಎಂದೇ ಕಲಿಸುತ್ತಾರೆ.

ಇನ್ನು ಪೇಟೆ ಬೆಲೆ. ಚಿಕ್ಕಪ್ಪನ ಮಗ ಇರುವುದು ಅಮೆರಿಕದ ಟೆಕ್ಸಾಸಿನಲ್ಲಿ. ಅಲ್ಲಿ ಇಂಥ ಹಳೆಯ ಪಿಸ್ತೂಲು ಅಂಗಡಿಗೆ ಬಂದರೆ ಹವ್ಯಾಸಿಗಳು ಒಂದು ದಿನದಲ್ಲಿ ಕೊಂಡು ಮನೆಗೆ ಒಯ್ಯುತ್ತಾರೆ. ನಮ್ಮಲ್ಲಿ ಕತೆ ಬೇರೆ. 1980ರ ದಶಕದ ನಡುವಿನಲ್ಲಿ ಸರ್ಕಾರ ಖಾಸಗಿಯವರು ವಿದೇಶಿ ಬಂದೂಕು ತರಿಸುವುದನ್ನು ನಿಲ್ಲಿಸಿತು. ಹೆಸರು ಮಾಡಿದ ಶೂಟರ್‌ಗಳಿಗೆ ಮಾತ್ರ ಆ ಬಾಗಿಲು ಅರೆತೆರೆದಿದೆ. ಹಾಗಾಗಿ ಮುಂಚೆ ಬಂದವೇ ಕೈಯಿಂದ ಕೈಗೆ ಸುತ್ತುತ್ತಿವೆ. ಹೊರದೇಶದಲ್ಲಿ ಸಾಮಾನ್ಯ ಎನಿಸುವ ಪಿಸ್ತೂಲಿಗೂ ಇಲ್ಲಿ ಲಕ್ಷಗಳ ಮಾತು. ಅದರಲ್ಲಿ ಅರ್ಧ ಬೆಲೆ ಉಕ್ಕಿನದು, ಅರ್ಧ ಮುಚ್ಚಿದ ಬಾಗಿಲಿನದು ಎಂದು ನನ್ನ ಅಂದಾಜು.

ಇಷ್ಟು ಕೊಟ್ಟು ಕೊಂಡರೂ ಅದು ನಮ್ಮದಾಯಿತೇ ಎಂದರೆ ಅದೂ ಅನುಮಾನ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇದ್ದವನು ಲೈಸೆನ್ಸ್ ಇದ್ದವನಿಗೇ ಮಾರಬೇಕು. ಅದಕ್ಕೂ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಠಾಣೆಗೋ ತಿಳಿಸಿ 45 ದಿನ ಕಾಯಬೇಕು. 2019ರ ತಿದ್ದುಪಡಿ ಬಂದಾಗ ಒಬ್ಬರಿಗೆ ಮೂರಿದ್ದ ಬಂದೂಕಿನ ಮಿತಿ ಎರಡಕ್ಕೆ ಇಳಿಯಿತು, ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. 2019ರ ಲೋಕಸಭಾ ಚುನಾವಣೆಯಲ್ಲಿ ದೇಶಕ್ಕೆ ದೇಶವೇ ಮಂಡ್ಯದ ಕಡೆ ನೋಡುತ್ತ, ಯಾರು ಗೆಲ್ತಾರೆ ಎಂದು ಬಾಜಿ ಕಟ್ಟುತ್ತಿದ್ದರೆ, ಚಿಕ್ಕಪ್ಪನ ಚಿಂತೆ ಒಂದೇ: ಠಾಣೆಯ ಕೋಣೆಯಲ್ಲಿ ತೇವ ಎಷ್ಟಿದೆ? ತೇವ ಹೀರುವ ಹರಳಿನ ಪೊಟ್ಟಣಗಳನ್ನು ಪೆಟ್ಟಿಗೆಯೊಳಗೆ ತುಂಬಿ, ಕೋವಿಗಳ ಸಾಲಿನಲ್ಲಿ ನಿಂತು ಕೊಟ್ಟು ಬಂದರು.

ಬೆಲೆ ಇಳಿಸುವ ಇನ್ನೊಂದು ಕೈ ಪಂದ್ಯದ ನಿಯಮಾವಳಿಯದು. 25 ಮೀಟರ್ ರ‍್ಯಾಪಿಡ್ ಫೈರಿಗೆಂದು ಜರ್ಮನಿಯ ವಾಲ್ಟರ್ ಕಂಪನಿ ಓಎಸ್‌ಪಿ ಎಂಬ ಪಿಸ್ತೂಲು ಮಾಡಿತ್ತು. ಟೂಟೂ ಶಾರ್ಟ್ ಎಂಬ ಗಿಡ್ಡ ಕಾಡತೂಸು, ಹಿಮ್ಮೆಟ್ಟುವಿಕೆ ಇಲ್ಲವೆನ್ನುವಷ್ಟು ಕಮ್ಮಿ. 2005ರಲ್ಲಿ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಆ ಕಾಡತೂಸನ್ನೂ ಹಗುರ ಟ್ರಿಗರ್‌ಗಳನ್ನೂ ಪಂದ್ಯದಿಂದ ಹೊರಗಿಟ್ಟಿತು. ಹಿಂದಿನ ದಿನದವರೆಗೆ ಪದಕದ ಪಿಸ್ತೂಲು, ಮಾರನೆಯ ದಿನ ಷೋಕೇಸಿನ ಸಾಮಾನು. ಒಂದು ತಿರುಪೂ ಸಡಿಲವಾಗಿರಲಿಲ್ಲ. ಕೆಲವೊಮ್ಮೆ ಪಂದ್ಯವೇ ಹೋಗುತ್ತದೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಬೆಳ್ಳಿ ಗೆದ್ದದ್ದು 50 ಮೀಟರ್ ಪಿಸ್ತೂಲಿನಲ್ಲಿ. ಹಿಂದಿನ ವರ್ಷವಷ್ಟೇ ಮುಖದ ಒಂದು ಪಾರ್ಶ್ವಕ್ಕೆ ಲಕ್ವ ಹೊಡೆದು ಎದ್ದು ಬಂದಿದ್ದ ಗಟ್ಟಿ ಆಸಾಮಿ. ಆ ಪಂದ್ಯಕ್ಕೂ 2016ರ ರಿಯೊ ಒಲಿಂಪಿಕ್ಸೇ ಕೊನೆ. ಟೋಕಿಯೊದ ಪಟ್ಟಿಯಲ್ಲಿ ಅದು ಇರಲಿಲ್ಲ. ಹ್ಯಾಮರ್ಲಿ 208 ಮಾತ್ರ ಇದೆಲ್ಲ ದಾಟಿ ನಿಂತಿದೆ. ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು.

ಪಿಸ್ತೂಲಿನ ಕೆಲಸಗಾರಿಕೆ ಅಂದರೆ ನಮ್ಮ ಜಿಲ್ಲೆಗೇನೂ ಹೊಸದಲ್ಲ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟಿಪ್ಪು ಸುಲ್ತಾನನಿಗೆ ಮಾಡಿಕೊಟ್ಟ ಚಕಮಕಿ ಪಿಸ್ತೂಲುಗಳಿಗೆ ಹುಲಿಮುಖದ ಕೆತ್ತನೆ, ಹುಲಿಪಟ್ಟೆಯ ಕುಸುರಿ ಇರುತ್ತಿತ್ತು. ಈಗ ಅವು ಲಂಡನ್ನಿನ ಹರಾಜುಗಳಲ್ಲಿ ಕಾಣುತ್ತವೆ. 2015ರಲ್ಲಿ ಬಾನಮ್ಸ್ ಸಂಸ್ಥೆ ಟಿಪ್ಪುವಿನ ಆಯುಧಗಳನ್ನು ಹರಾಜಿಗಿಟ್ಟಾಗ ಒಟ್ಟು 60 ಲಕ್ಷ ಪೌಂಡಿಗೂ ಹೆಚ್ಚು ಬಂತು. 2023ರಲ್ಲಿ ಅವನ ಮಲಗುವ ಕೋಣೆಯ ಕತ್ತಿಯೊಂದಕ್ಕೇ 1 ಕೋಟಿ 40 ಲಕ್ಷ ಪೌಂಡು. ಅದು ಒಡೆಯನ ಹೆಸರಿಗೆ ಬಿದ್ದ ಬೆಲೆ. ಆ ಪಿಸ್ತೂಲಿನ ಟ್ರಿಗರ್ ತೆವಳುತ್ತದೋ ಇಲ್ಲವೋ ಎಂದು ಯಾರೂ ಒತ್ತಿ ನೋಡಿ ಕೊಳ್ಳುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಹಳಿಗೆ ಅಡ್ಡವೆಂದು 2017ರಲ್ಲಿ ಟಿಪ್ಪುವಿನ ಮದ್ದಿನ ಮನೆಯನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರಲ್ಲ, ಅದನ್ನು ನೋಡಲು ಚಿಕ್ಕಪ್ಪ ರಜೆ ಹಾಕಿದವರಂತೆ ಹೊರಟು ನಿಂತಿದ್ದರು. ಕಟ್ಟಡದ ಮೇಲೆ ಪ್ರೀತಿಯಿಂದಲ್ಲ, ಜಾಕಿಗಳನ್ನು ನೋಡಲು.

ಆಯುಧಪೂಜೆಯ ದಿನ ಮಾತ್ರ ಮನೆಯಲ್ಲಿ ಪ್ರತಿವರ್ಷ ಒಂದು ಜಗಳ ಖಾತ್ರಿ. ಟ್ರ್ಯಾಕ್ಟರಿಗೆ ಬಾಳೆಕಂದು, ಕುಡುಗೋಲು ಮಚ್ಚು ಗುದ್ದಲಿಗಳಿಗೆ ಅರಿಶಿನ ಕುಂಕುಮ, ಮೋಟರಿಗೆ ಹಾರ. ಚಿಕ್ಕಮ್ಮ ಗಂಧದ ಬಟ್ಟಲು ಹಿಡಿದು ಪಿಸ್ತೂಲಿನ ಹತ್ತಿರ ಬಂದರೆ ಚಿಕ್ಕಪ್ಪ ಅಡ್ಡ ನಿಲ್ಲುತ್ತಾರೆ. ನೀಲಿಗಪ್ಪು ಮೆರುಗಿನ ಆ ಸ್ಲೈಡಿನ ಮೇಲೆ ಬರಿಬೆರಳು ತಾಗಿದರೂ ಬೆವರಿನ ಉಪ್ಪಿಗೆ ಕೆಂಪು ಚುಕ್ಕೆ ಏಳುತ್ತದೆ; ಇನ್ನು ಒದ್ದೆ ಅರಿಶಿನ ಹಚ್ಚಿದರೆ? “ನಿಮ್ಮ ಪಿಸ್ತೂಲು ದೇವರಿಗಿಂತ ಮಡಿ” ಎಂದು ಚಿಕ್ಕಮ್ಮನ ಗೊಣಗಾಟ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗಳನ್ನು ಪೂಜೆಗಿಟ್ಟು ನಳಿಗೆಗೇ ತೋಕ್ ಪೂ ಸಿಕ್ಕಿಸುತ್ತಾರೆ, ಅಷ್ಟಾದರೂ ಮಾಡಬಾರದೇ ಎಂದು ನಾನು ಒಮ್ಮೆ ಬಾಯಿ ಹಾಕಿದೆ. ನಳಿಗೆಯೊಳಗೆ ಹೂವೇ ಎಂಬಂತೆ ಅವರು ನನ್ನನ್ನು ನೋಡಿದ ನೋಟಕ್ಕೆ ಸುಮ್ಮನಾದೆ. ಕೊನೆಗೆ ಆಗಿರುವ ಒಪ್ಪಂದ ಇದು: ಕುಂಕುಮ ಪೆಟ್ಟಿಗೆಯ ಮುಚ್ಚಳಕ್ಕೆ, ನಿಂಬೆಹಣ್ಣು ಬೀರುವಿನ ಕಾಲಿಗೆ, ಪಿಸ್ತೂಲಿಗೆ ಎಣ್ಣೆ ಸವರಿದ ಫ್ಲಾನೆಲ್ ಬಟ್ಟೆಯ ಒಂದು ಒರೆತ.

ಈಗ ಚಿಕ್ಕಪ್ಪನ ಕೈ ನಡುಗುತ್ತದೆ. ಮಗನಿಗೆ ಲೈಸೆನ್ಸ್ ಇಲ್ಲ, ಬೇಕೂ ಇಲ್ಲ. ಮೊನ್ನೆ ಬೆಂಗಳೂರಿನ ಯುವ ಶೂಟರ್ ಒಬ್ಬ, ಲೈಸೆನ್ಸ್ ಇರುವವನೇ, ಕೊಳ್ಳುವ ಮನಸ್ಸು ಮಾಡಿದ. ರೇಂಜಿನಲ್ಲೇ ತೋರಿಸಿದರು. ಅವನು ಕೈಗೆತ್ತಿಕೊಂಡವನೇ ಮುಖ ಹಿಂಡಿದ. ಹಿಡಿಕೆ ಅವನಿಗೆ ಹೊಂದಲಿಲ್ಲ. ವಾಲ್ನಟ್ ಮರದ ಹಿಡಿಕೆಯನ್ನು ಚಿಕ್ಕಪ್ಪ ಅರ ಹಿಡಿದು, ಮರದ ಪುಟ್ಟಿ ಮೆತ್ತಿ, ಮತ್ತೆ ಅರ ಹಿಡಿದು, ತಮ್ಮ ಅಂಗೈಯ ಉಬ್ಬುತಗ್ಗಿಗೆ ಕೂಡಿಸಿಕೊಂಡಿದ್ದರು. ಹೆಬ್ಬೆರಳಿನ ಬುಡದಲ್ಲಿ ಕಾರ್ಖಾನೆಯ ಲೇತಿನಲ್ಲಿ ಆದ ಹಳೆಯ ಗಾಯದ ಗಂಟಿಗೂ ಒಂದು ಗುಳಿ ಇತ್ತು. ಅವರಿಗೆ ಇಡೀ ಪಿಸ್ತೂಲಿನಲ್ಲಿ ಹೆಚ್ಚು ಬೆಲೆಯ ಭಾಗವೇ ಅದು. ಗಿರಾಕಿಯ ಲೆಕ್ಕದಲ್ಲಿ ಬಿಸಾಡಬೇಕಾದ ಭಾಗವೂ ಅದೇ. “ಹಿಡಿಕೆ ಬದಲಾಯಿಸೋಕೇ ಖರ್ಚಿದೆ ಸಾರ್” ಎಂದು ಹುಡುಗ ಒಂದು ಮೊತ್ತ ಹೇಳಿದ. ನನಗೇ ಕಮ್ಮಿ ಅನ್ನಿಸಿತು.

ಚಿಕ್ಕಪ್ಪ ಚೌಕಾಸಿಗೆ ಇಳಿಯಲಿಲ್ಲ. ನಳಿಗೆ ಖಾಲಿ ಎಂದು ತೋರಿಸಿ, ಹಾರಿದ ಚಿಪ್ಪು ಇಟ್ಟು, “ಹಲಗೆ ಕಡೆ ಹಿಡ್ಕೊಂಡು ಕಣ್ಣು ಮುಚ್ಚಿ ಒತ್ತಪ್ಪ” ಎಂದರು. ಹುಡುಗ ಒತ್ತಿದ. ಕಣ್ಣು ತೆರೆದು ಸ್ಲೈಡು ಎಳೆದು, ಚಿಪ್ಪು ಇಟ್ಟು ಮತ್ತೆ ಒತ್ತಿದ. ಆಮೇಲೆ ತನ್ನ ಇಟಲಿಯ ಹೊಸ ಪಿಸ್ತೂಲನ್ನು ಪೆಟ್ಟಿಗೆಯಿಂದ ತೆಗೆದು ಅದನ್ನೂ ಒತ್ತಿ ನೋಡಿದ. ಮೊದಲು ಹೇಳಿದ ಮೊತ್ತವನ್ನು ಮತ್ತೆ ಎತ್ತಲಿಲ್ಲ. “ಮ್ಯಾಗಜಿನ್ ಎಷ್ಟಿವೆ ಸಾರ್? ಸ್ಪೇರ್ ಫೈರಿಂಗ್ ಪಿನ್ ಇದೆಯಾ?” ಎಂದು ಕೇಳತೊಡಗಿದ.

“ಎಲ್ಲ ಇವೆ. ಹಿಡಿಕೆ ಮಾತ್ರ ನಾನು ಬಿಚ್ಚಿಕೋತೀನಿ” ಎಂದರು ಚಿಕ್ಕಪ್ಪ. ಎಷ್ಟಕ್ಕೆ ಕುದುರಿತು ಎಂಬುದು ಅವರಿಬ್ಬರಿಗೇ ಗೊತ್ತು. ಊರಿಗೆ ಬಂದು ನೋಟಿಸು ಬರೆದು ಕೊಟ್ಟಿದ್ದಾರೆ, 45 ದಿನದ ಎಣಿಕೆ ಶುರುವಾಗಿದೆ. ಪಕ್ಕದ ಮನೆಯ ಯಜಮಾನರು ದಿನಾ ಒಂದು ಸಲ ಬಂದು ಜಗಲಿಯ ಮೇಲೆ ಕೂತು ಬೇರೆ ಬೇರೆ ದಾರಿಯಿಂದ ಬೆಲೆ ಕೇಳುತ್ತಿದ್ದಾರೆ. ನೆನ್ನೆ ಟವೆಲ್ಲೇ ತಂದಿದ್ದರು.