ಒಂದೇ ನುಡಿಯ ಹಗೆ

ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು ನಿಂತ ಮೇಲೆ ಮೊಬೈಲ್ ತೆರೆದು ಕೊರಿಯಾ ದೇಶದ ಗೂಢಚಾರರ ಚಿತ್ರಪಟ ನೋಡಕೂಡ್ರುವ ತರುಣನಿಗೆ ಆ ನಾಡಿನ ಒಂದು ಮಾತೂ ತಿಳಿಯದು. ಆದರೂ ಎರಡು ತಾಸು ಕಣ್ಣು ಕದಲಿಸದೆ ನೋಡುವನು. ಗುಂಡಿನ ಕಾಳಗ, ಬೆನ್ನಟ್ಟಿ ಓಡುವ ವಾಹನಗಳು ಇವೇ ಇದಕ್ಕೆ ಕಾರಣವೆಂದು ಹೇಳುವವರುಂಟು. ಅಷ್ಟೇ ಆಗಿದ್ದರೆ ಕನ್ನಡಿಗನು ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ದೊರೈ-ಭಗವಾನರು ನಿರ್ದೇಶಿಸಿದ ‘ಜೇಡರ ಬಲೆ’ 1968ರಲ್ಲಿಯೇ ತೆರೆಗೆ ಬಂದಿತು. (ನೇಕಾರರ ಊರಲ್ಲಿ ಜೇಡನೆಂಬ ಹೆಸರಿಗೆ ಎರಡು ಅರ್ಥಗಳುಂಟೆಂಬುದು ಬೇರೆ ಮಾತು.) ರಾಜಕುಮಾರರು ಸಿ.ಐ.ಡಿ. 999 ಆಗಿ ಗೋವೆಗೂ ಹೋಗಿಬಂದರು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ದ ವರೆಗೆ ಆ ಪತ್ತೇದಾರನ ಓಟ ನಡೆಯಿತು. ಆದರೆ ಅಲ್ಲಿ ವೇಷವೆಂಬುದು ವಿನೋದ. ಹಗೆಯು ಕಳ್ಳ, ನಾಯಕನು ಸಜ್ಜನ. ಕಳ್ಳನು ಸೆರೆಸಿಕ್ಕರೆ ಪ್ರೇಕ್ಷಕನು ನಿಶ್ಚಿಂತನಾಗಿ ಮನೆಗೆ ಹೋಗುವನು.

ಕೊರಿಯಾದವರಿಗೆ ಆ ನಿಶ್ಚಿಂತೆಯಿಲ್ಲ. 1945ರಲ್ಲಿ ಪರರು ನಕಾಶೆಯ ಮೇಲೆ ಎಳೆದ 38ನೆಯ ಅಕ್ಷಾಂಶದ ಗೆರೆಯು ಒಂದೇ ನುಡಿಯ ಜನವನ್ನು ಎರಡಾಗಿ ಸೀಳಿತು. 1950ರಲ್ಲಿ ಮೊದಲಾದ ಯುದ್ಧವು 1953ರಲ್ಲಿ ಕದನವಿರಾಮಕ್ಕೆ ಬಂದು ನಿಂತಿತು, ಶಾಂತಿಯ ಒಪ್ಪಂದವಾಗಲಿಲ್ಲ. ಆದುದರಿಂದ ಅಲ್ಲಿಯ ಶತ್ರುವಿಗೆ ಪರದೇಶಿಯ ಮೋರೆಯಿಲ್ಲ. ಅವನು ಆಡುವದೂ ತನ್ನ ಮಾತೇ, ಉಣ್ಣುವದೂ ತನ್ನ ಅನ್ನವೇ.

ಕಾಂಗ್ ಜೆ-ಗ್ಯು ಅವರ ‘ಶಿರಿ’ (1999), ಸ್ವದೇಶದಲ್ಲಿ ‘ಟೈಟಾನಿಕ್’ ಚಿತ್ರವನ್ನೂ ಹಿಂದೆ ಹಾಕಿದ್ದು, ಈ ಮರ್ಮವನ್ನೇ ಹಿಡಿದಿದೆ. ದಕ್ಷಿಣದ ಗುಪ್ತಚರ ಅಧಿಕಾರಿಯೊಬ್ಬನು ಉತ್ತರದ ಹಂತಕಿಯೊಬ್ಬಳನ್ನು ಹುಡುಕುತ್ತಿರುವನು. ಅವಳಾದರೋ ಮುಖವನ್ನು ಬದಲಿಸಿಕೊಂಡು, ಬಣ್ಣದ ಮೀನುಗಳ ಅಂಗಡಿಯಿಟ್ಟುಕೊಂಡಿರುವಳು. ಅವನು ಕೈಹಿಡಿಯಬೇಕೆಂದಿರುವ ಹೆಣ್ಣೇ ಅವಳು. ಕೊನೆಗೆ ಅವನ ಗುಂಡಿಗೇ ಬೀಳುವಳು. ಶಿರಿಯೆಂಬುದು ಕೊರಿಯಾದ ತಿಳಿನೀರ ತೊರೆಗಳ ಒಂದು ಸಣ್ಣ ಮೀನು. ಅದಕ್ಕೆ ಗಡಿಯ ಗೊಡವೆಯಿಲ್ಲ. ಅವಳು ಮಾಡಿದ ಕೊಲೆಗಳನ್ನು ನೋಡುವವನು ಮರೆಯನು. ಆದರೂ ಗೆದ್ದವರಾರೆಂದು ಹೇಳಲು ಅವನಿಗೆ ನಾಲಗೆ ಏಳದು.

ಮುಧೋಳದವರಿಗೆ ಇದು ಹೊಸ ರಸವಲ್ಲ. ಆ ಸೀಮೆಯಲ್ಲಿ 949ರಲ್ಲಿ ಹುಟ್ಟಿದ ರನ್ನನ ‘ಗದಾಯುದ್ಧ’ದಲ್ಲಿ ಅಡಗಿದವನೂ ಹುಡುಕುವವನೂ ಒಂದೇ ಮನೆತನದವರು. ವೈಶಂಪಾಯನ ಸರೋವರದಲ್ಲಿ ಮುಳುಗಿದ್ದ ದುರ್ಯೋಧನನನ್ನು ಹೊರಗೆಳೆದದ್ದು ಯಾವ ಬಲೆಯೂ ಅಲ್ಲ, ದಾಯಾದಿಯ ಮೂದಲೆ. ಅದಕ್ಕೂ ಮೊದಲು ಅವನು ರಣರಂಗದಲ್ಲಿ ಹಗೆಯ ಮಗನಾದ ಅಭಿಮನ್ಯುವಿನ ಸಾಹಸವನ್ನು ಮನಸಾರೆ ಕೊಂಡಾಡಿ ಬಂದಿರುವನು. ಕವಿಯ ನಾಯಕನು ಭೀಮನಾದರೂ ವಾಚಕರ ಮರುಕವು ಯಾವ ಕಡೆಗೆ ಹರಿಯುವದೆಂಬುದು ಎಲ್ಲರೂ ಬಲ್ಲ ಸಂಗತಿ.

ಈ ಊರುಗಳ ನಡುವೆಯೂ ಒಂದು ಕಾಲಕ್ಕೆ ಗಡಿಗಳಿದ್ದವು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿಯದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1956ರಲ್ಲಿ ಎಲ್ಲವೂ ಕನ್ನಡ ನಾಡನ್ನು ಸೇರಿದವು. ಬೀಗತನಕ್ಕೋ ನೂಲಿನ ವ್ಯಾಪಾರಕ್ಕೋ ಓಡಾಡುವವನು ಸಾಂಗಲಿಯ ಸೀಮೆ ಎಲ್ಲಿ ಮುಗಿಯುತ್ತಿತ್ತೆಂದು ಇಂದು ಕೇಳುವದಿಲ್ಲ. ಕೊರಿಯಾದಲ್ಲಿ ಮಾತ್ರ ಕದನವಿರಾಮದ ಗೆರೆಯ ಗುಂಟ 4 ಕಿಲೋಮೀಟರು ಅಗಲದ ಪಟ್ಟಿಯೊಂದಿದೆ. ಮುಳ್ಳುತಂತಿಯ ಆಚೆ ಒಡಹುಟ್ಟಿದವರನ್ನು ಬಿಟ್ಟುಬಂದ ಮುದುಕರು ಇನ್ನೂ ಬದುಕಿದ್ದಾರೆ.